ಮೀಟರ್ ಗೇಜ್ ಹುಡುಕಿಕೊಂಡು ಆಲ್ಪ್ಸ್‌ಗೆ

ಅಪ್ಪ ಫೋನನ್ನು ನನ್ನ ಮೂಗಿನ ತನಕ ತಂದು, "ಇದು ಯಾವೂರು ಪುಟ್ಟಿ?" ಅಂದರು. ಯಾರೋ ಕಳಿಸಿದ ವಿಡಿಯೋ. ಕೆಂಪು ರೈಲೊಂದು ಕಲ್ಲಿನ ಸೇತುವೆ ಮೇಲೆ ಗುಂಡಗೆ ಸುತ್ತು ಹೊಡೆದು, ಅದೇ ಸೇತುವೆಯ ಕಮಾನಿನ ಕೆಳಗೆ ನುಸುಳಿ ಹೋಗುತ್ತಿತ್ತು. ನಾನು ಸ್ವಿಟ್ಜರ್ಲೆಂಡ್ ಇರಬೇಕು ಅಂದೆ. ಅಪ್ಪ ಊರಿನ ಹೆಸರು ಕೇಳಿಸಿಕೊಳ್ಳಲೇ ಇಲ್ಲ. "ಮೀಟರ್ ಗೇಜ್ ಕಣೇ ಇದು. ಹಳಿ ನೋಡು" ಅಂದರು.

ಅಪ್ಪನಿಗೆ ಎಪ್ಪತ್ತೊಂದು. ಎಂಬತ್ತರ ದಶಕದಲ್ಲಿ ಸಕಲೇಶಪುರ ಘಾಟಿಯ ಎಡಕುಮೇರಿಯಲ್ಲಿ ಅಸಿಸ್ಟೆಂಟ್ ಸ್ಟೇಷನ್ ಮಾಸ್ಟರ್ ಆಗಿದ್ದವರು. ಸುತ್ತ ಕಾಡು. ತರಕಾರಿ ಬೇಕಿದ್ದರೂ ರೈಲೇ ತರಬೇಕು. ಆಗ ಅಲ್ಲಿ ಓಡುತ್ತಿದ್ದದ್ದು ಮೀಟರ್ ಗೇಜ್ ಗಾಡಿ, ಅಂದರೆ ಎರಡು ಹಳಿಗಳ ನಡುವೆ ಒಂದೇ ಮೀಟರ್ ಅಂತರ. ತೊಂಬತ್ತರ ದಶಕದಲ್ಲಿ ಆ ಹಳಿ ಕಿತ್ತು ಅದಕ್ಕಿಂತ ಅಗಲದ ಬ್ರಾಡ್ ಗೇಜ್ ಹಾಕೋಕೆ ಶುರು ಮಾಡಿದರು. ಪ್ಯಾಸೆಂಜರ್ ರೈಲು ಮತ್ತೆ ಬಂದದ್ದು 2007ರಲ್ಲಿ. ಈಗ ಅದೇ ದಾರಿಯಲ್ಲಿ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿ ಓಡುತ್ತೆ. ನಾನೊಮ್ಮೆ ಕರೆದುಕೊಂಡು ಹೋಗಿದ್ದೆ. 57 ಸುರಂಗಗಳನ್ನೂ ಅಪ್ಪ ಸುಮ್ನೆ ಕೂತು ದಾಟಿದರು. ಇಳಿದ ಮೇಲೆ, "ಗಾಡಿ ಚೆನ್ನಾಗಿದೆ, ಸದ್ದೇ ಇಲ್ಲ" ಅಂದರು. ಅದು ಹೊಗಳಿಕೆ ಅಲ್ಲ ಅಂತ ನನಗೆ ಆಗ ಗೊತ್ತಾಗಲಿಲ್ಲ.

ವಿಡಿಯೋದಲ್ಲಿದ್ದದ್ದು ಬ್ರೂಸಿಯೋ ಸುತ್ತು ಸೇತುವೆ. ಒಂಬತ್ತು ಕಮಾನು. ಸ್ವಿಟ್ಜರ್ಲೆಂಡಿನ ಕೂರ್ ಊರಿನಿಂದ ಆಲ್ಪ್ಸ್ ದಾಟಿ ಇಟಲಿಯ ತಿರಾನೋಗೆ ಹೋಗುವ ಬರ್ನಿನಾ ಎಕ್ಸ್‌ಪ್ರೆಸ್ ದಾರಿಯಲ್ಲಿದೆ. ಹಳಿ ರೇಟಿಯನ್ ರೈಲ್ವೆಯದ್ದು, ಅಗಲ ಸರಿಯಾಗಿ ಒಂದು ಮೀಟರ್. ದಾರಿಯಲ್ಲಿ 55 ಸುರಂಗ, 196 ಸೇತುವೆ. 2008ರಿಂದ ಈ ಮಾರ್ಗ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲೂ ಇದೆ. ಇದಿಷ್ಟು ಓದಿ ಹೇಳಿದೆ. ಅಪ್ಪನಿಗೆ ಬೇಕಿದ್ದದ್ದು ಒಂದೇ ಅಂಕಿ: "ಏರು ಎಷ್ಟು?"

"ನೂರಕ್ಕೆ ಏಳು ಅಂತ ಬರೆದಿದ್ದಾರೆ."

ಒಂದು ಕ್ಷಣ ಮನಸ್ಸಿನಲ್ಲೇ ಲೆಕ್ಕ ಹಾಕಿದರು, ಎಷ್ಟು ಮೀಟರ್ ಹೋದರೆ ಒಂದು ಮೀಟರ್ ಏರು ಅಂತ. "ಒನ್ ಇನ್ ಫೋರ್ಟೀನ್! ನಮ್ಮ ಘಾಟಿ ಒನ್ ಇನ್ ಫಿಫ್ಟಿ. ಅದಕ್ಕೇ ನಾವು ಉಸಿರು ಬಿಗಿ ಹಿಡ್ಕೋತಿದ್ವಿ. ಊಟಿ ಗಾಡಿ ಒನ್ ಇನ್ ಟ್ವೆಲ್ವ್ ಹತ್ತುತ್ತೆ, ಆದ್ರೆ ಅದಕ್ಕೆ ನಡುವೆ ಹಲ್ಲಿನ ಹಳಿ ಇದೆ, ಎಂಜಿನ್ನಿನ ಹಲ್ಲುಚಕ್ರ ಅದನ್ನ ಕಚ್ಚಿ ಹತ್ತುತ್ತೆ. ಇವ್ರಿಗೂ ಹಲ್ಲಿನ ಹಳಿ ಇದ್ಯಾ ನೋಡು."

ಇಲ್ಲ. ಬರೀ ಚಕ್ರ, ಬರೀ ಹಳಿ. ಅಪ್ಪ ಫೋನ್ ಕೆಳಗಿಟ್ಟರು. "ಹೋಗೋಣ" ಅಂದರು. ಕುಂಭಮೇಳಕ್ಕೂ ಬರದಿದ್ದ ಮನುಷ್ಯ! ಅಡುಗೆಮನೆಯಿಂದ ಅಮ್ಮ, "ಏನಂತೆ ನಿಮ್ಮಪ್ಪಂಗೆ?" ಅಂತ ಕೇಳಿದರು.

ಇದೆಲ್ಲ 2024ರ ಜೂನ್ ತಿಂಗಳಲ್ಲಿ. ಸೆಪ್ಟೆಂಬರ್‌ನಲ್ಲಿ ಹೋಗೋದು ಅಂತ ತೀರ್ಮಾನ ಆಯ್ತು. ಬೇಸಿಗೆ ರಜದ ಗದ್ದಲ ಇಳಿದಿರುತ್ತೆ, ಚಳಿ ಇನ್ನೂ ಕಚ್ಚೋಕೆ ಶುರುವಾಗಿರಲ್ಲ.

ಆಲ್ಪ್ಸ್ ರೈಲು ಅಂತ ಹುಡುಕಿದರೆ ಮೊದಲು ಎದುರಾಗೋದು ಗ್ಲೇಸಿಯರ್ ಎಕ್ಸ್‌ಪ್ರೆಸ್. ಜೆರ್ಮಾಟ್‌ನಿಂದ ಸೇಂಟ್ ಮೋರಿಟ್ಸ್‌ಗೆ 291 ಕಿಲೋಮೀಟರ್, ಎಂಟು ಗಂಟೆ. ಪ್ರಪಂಚದ ಅತಿ ನಿಧಾನದ ಎಕ್ಸ್‌ಪ್ರೆಸ್ ಅಂತ ಅವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಗಾಡಿ ಏನೋ ಚಂದವೇ. ಆದರೆ ಮಂಡಿನೋವಿನ ಅಮ್ಮನನ್ನು ಎಂಟು ಗಂಟೆ ಒಂದೇ ಸೀಟಿನಲ್ಲಿ ಕೂರಿಸೋದು ಆಗದ ಮಾತು. ಜೊತೆಗೆ ಆ ಜೂನ್ ಕೊನೆಗೆ ಮಳೆ, ಪ್ರವಾಹ ಬಂದು ಜೆರ್ಮಾಟ್‌ಗೆ ರೈಲೇ ನಿಂತುಹೋಗಿತ್ತು. ಬರ್ನಿನಾ ಆದರೆ ನಾಲ್ಕೂಕಾಲು ಗಂಟೆ. ತೀರ್ಮಾನ ಸುಲಭವಾಯ್ತು. ಅಪ್ಪನ ಕಾರಣ ಬೇರೆ: ಗ್ಲೇಸಿಯರ್ ಗಾಡಿ ಕೆಲವು ಕಡೆ ಹಲ್ಲಿನ ಹಳಿ ಬಳಸುತ್ತೆ, "ಅದ್ರಲ್ಲಿ ಏನ್ ದೊಡ್ಡಸ್ತಿಕೆ?"

ಇಲ್ಲಿಂದ ಮುಂದೆ ನನ್ನ ತಲೆ ಕೆಟ್ಟದ್ದು ಟಿಕೆಟ್ಟಿನ ವಿಷಯದಲ್ಲಿ. ನಮ್ಮಂಥವರು ಎಲ್ಲರೂ ಎಡವೋ ಜಾಗ ಇದು, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮಲ್ಲಿ ಟಿಕೆಟ್ ಅಂದರೆ ಸೀಟು. ಗಾಡಿ ನಂಬರ್, ಬೋಗಿ, ಬರ್ತ್ ಎಲ್ಲಾ ಒಂದೇ ಚೀಟಿಯಲ್ಲಿ. ಇಲ್ಲದಿದ್ದರೆ ವೇಟಿಂಗ್ ಲಿಸ್ಟ್. ಸ್ವಿಟ್ಜರ್ಲೆಂಡಿನಲ್ಲಿ ಟಿಕೆಟ್ಟೇ ಬೇರೆ, ಸೀಟೇ ಬೇರೆ. ಟಿಕೆಟ್ ಅನ್ನೋದು ಆ ದಾರಿಯಲ್ಲಿ ಓಡಾಡೋ ಹಕ್ಕು. ಬೆಳಗ್ಗೆ ಎಂಟರ ಗಾಡಿ ತಪ್ಪಿತಾ, ಒಂಬತ್ತರದ್ದು ಹತ್ತಿ, ಯಾರೂ ಕೇಳಲ್ಲ. ಸೀಟ್ ಕಾದಿರಿಸೋದು ಬರ್ನಿನಾ, ಗ್ಲೇಸಿಯರ್‌ನಂಥ ಕೆಲವೇ ಗಾಡಿಗಳಿಗೆ ಕಡ್ಡಾಯ, ಮತ್ತು ಅದಕ್ಕೆ ಟಿಕೆಟ್ಟಿನ ಮೇಲೆ ಬೇರೆ ದುಡ್ಡು. ಬರ್ನಿನಾಕ್ಕೆ ಆಗ ಒಬ್ಬರಿಗೆ 30 ಫ್ರಾಂಕ್ ಆಸುಪಾಸು ಇತ್ತು. ಪಾಸ್ ಇದ್ದವರೂ ಇದನ್ನು ಕೊಡಲೇಬೇಕು. "ಪಾಸ್ ತಗೊಂಡ್ರೆ ಎಲ್ಲಾ ಫ್ರೀ" ಅಂತ ನನಗೆ ಹೇಳಿದ ಸಹೋದ್ಯೋಗಿ ಇದನ್ನು ಹೇಳೋಕೆ ಮರೆತಿದ್ದ.

ಪಾಸ್ ತಗೊಳ್ಳೋದಾ ಬೇಡವಾ ಅನ್ನೋದು ಇನ್ನೊಂದು ಲೆಕ್ಕ. ಒಂದು ಮದುವೆ ಪತ್ರಿಕೆಯ ಹಿಂಬದಿಯಲ್ಲಿ ಬರೆದೆ. ನಾಲ್ಕು ದಿನ ರೈಲು, ಬಸ್ಸು, ದೋಣಿಯಲ್ಲಿ ಬೇಕಾದಷ್ಟು ಓಡಾಡಬಹುದಾದ ಸ್ವಿಸ್ ಟ್ರಾವೆಲ್ ಪಾಸ್ ಸೆಕೆಂಡ್ ಕ್ಲಾಸ್‌ಗೆ ಆಗ 295 ಫ್ರಾಂಕ್ ಇತ್ತು. ಇನ್ನೊಂದು ದಾರಿ ಹಾಫ್ ಫೇರ್ ಕಾರ್ಡ್: ಆಗಿನ ದರದಲ್ಲಿ 120 ಫ್ರಾಂಕ್ ಕೊಟ್ಟರೆ ಒಂದು ತಿಂಗಳು ಹೆಚ್ಚುಕಡಿಮೆ ಎಲ್ಲಾ ಟಿಕೆಟ್ಟಿಗೂ ಅರ್ಧ ದುಡ್ಡು. ಜೂರಿಕ್‌ನಿಂದ ಕೂರ್, ಕೂರ್‌ನಿಂದ ತಿರಾನೋ, ಅದೇ ದಾರಿಯಲ್ಲಿ ವಾಪಸ್, ನಡುವೆ ಒಂದು ದಿನ ಲೂಸರ್ನ್. ಎಲ್ಲಾ ಅರ್ಧ ಮಾಡಿ ಕೂಡಿದರೆ ಕಾರ್ಡಿನ ದುಡ್ಡೂ ಸೇರಿ 250ರ ಆಸುಪಾಸು ಬಂತು. ತಲೆಗೆ ನಲವತ್ತು ಫ್ರಾಂಕ್ ಉಳೀತು! ಒಂದು ಫ್ರಾಂಕ್‌ಗೆ ಆಗ 95 ರೂಪಾಯಿ ಆಸುಪಾಸು. ಮೂರು ಜನಕ್ಕೆ ಹನ್ನೊಂದು ಸಾವಿರ ಉಳಿಸಿದೆ ಅಂತ ಬೀಗಿದೆ.

ಅಪ್ಪ ಪತ್ರಿಕೆ ತಗೊಂಡು ಕನ್ನಡಕ ಏರಿಸಿದರು. "ಲೂಸರ್ನ್ ಹತ್ರ ರೀಗಿ ಅಂತ ಬೆಟ್ಟ ಇದೆಯಂತೆ. ಹಲ್ಲಿನ ಹಳಿ ಹಾಕಿ ಯುರೋಪಿನಲ್ಲಿ ಮೊದಲು ಬೆಟ್ಟ ಹತ್ತಿದ್ದು ಆ ಗಾಡಿನೇ, 1871ರಲ್ಲಿ. ಅಷ್ಟು ದೂರ ಹೋಗಿ ಅದನ್ನ ಬಿಡೋಕಾಗುತ್ತಾ?"

"ಹಲ್ಲಿನ ಹಳಿಯಲ್ಲಿ ಏನ್ ದೊಡ್ಡಸ್ತಿಕೆ ಅಂದ್ರಲ್ಲ ನೀವೇ?"

"ಮೊದಲನೇದು ಬೇರೆ ಕಣೇ."

ರೀಗಿ ಗಾಡಿ, ಅಲ್ಲಿಗೆ ಹೋಗೋ ದೋಣಿ ಎರಡೂ ಪಾಸ್‌ನಲ್ಲಿ ಸೇರಿವೆ. ಹಾಫ್ ಫೇರ್‌ನಲ್ಲಿ ಅವಕ್ಕೂ ಅರ್ಧ ದುಡ್ಡು ತೆರಬೇಕು. ಜೂರಿಕ್‌ನ ಟ್ರಾಮ್, ಬಸ್ಸೂ ಸೇರಿಸಿದ ಮೇಲೆ ನನ್ನ ನಲವತ್ತು ಫ್ರಾಂಕ್ ಕರಗಿಹೋಯ್ತು. ಮೂರು ಪಾಸ್‌ಗೆ 885 ಫ್ರಾಂಕ್. ಅಂದರೆ ಎಂಬತ್ನಾಲ್ಕು ಸಾವಿರ. ಆ ಅಂಕಿಯನ್ನು ಅಮ್ಮನಿಗೆ ಇವತ್ತಿನ ತನಕ ಹೇಳಿಲ್ಲ. ಮಕ್ಕಳಿದ್ದವರಿಗೆ ಒಂದು ಮಾತು: ಅಪ್ಪ ಅಥವಾ ಅಮ್ಮನ ಹತ್ತಿರ ಪಾಸ್ ಇದ್ದರೆ ಹದಿನಾರು ತುಂಬದ ಮಕ್ಕಳಿಗೆ ಫ್ಯಾಮಿಲಿ ಕಾರ್ಡ್‌ನಲ್ಲಿ ದುಡ್ಡಿಲ್ಲ. ಆ ಲೆಕ್ಕ ಹಾಕದೆ ಪಾಸ್ ದುಬಾರಿ ಅಂತ ಕೈಬಿಡಬೇಡಿ.

ಸೀಟ್ ಬುಕ್ ಮಾಡೋಕೆ ಮುಂಚೆ ವೀಸಾ. ಇದೊಂದು ಕೋಳಿ ಮೊದಲೋ ಮೊಟ್ಟೆ ಮೊದಲೋ ವ್ಯವಹಾರ. ಯಾವ ದಿನ ಎಲ್ಲಿರುತ್ತೀರಿ, ಯಾವ ರಾತ್ರಿ ಎಲ್ಲಿ ಮಲಗುತ್ತೀರಿ ಅಂತ ದಿನಾಂಕದ ಪ್ರಕಾರ ಬರೆದುಕೊಡಬೇಕು. ವೀಸಾ ಬರೋ ತನಕ ರೈಲಿಗೆ ದುಡ್ಡು ಸುರಿಯೋಕೆ ಧೈರ್ಯ ಇಲ್ಲ. ತಡಮಾಡಿದರೆ ಸೀಟ್ ಇರಲ್ಲ. ನಾನು ಮಾಡಿದ್ದು ಇಷ್ಟು: ಹೋಟೆಲ್‌ಗಳನ್ನು ದುಡ್ಡಿಲ್ಲದೆ ರದ್ದು ಮಾಡಬಹುದಾದ ಕಡೆ ಹಿಡಿದೆ. ಜೂರಿಕ್‌ನಲ್ಲಿ ಮೊದಲಿಗೆ ಎರಡು ರಾತ್ರಿ, ಕೂರ್‌ನಲ್ಲಿ ಒಂದು, ತಿರಾನೋದಲ್ಲಿ ಒಂದು, ವಾಪಸ್ ಜೂರಿಕ್‌ನಲ್ಲಿ ಒಂದು. ರೈಲಿನ ಸಮಯಗಳನ್ನು ಟಿಕೆಟ್ ಇಲ್ಲದೆಯೇ ಹಾಳೆಯಲ್ಲಿ ಬರೆದು ಲಗತ್ತಿಸಿದೆ. ಅಷ್ಟೇ ಸಾಕಾಯ್ತು.

ತಿರಾನೋ ಇರೋದು ಇಟಲಿಯಲ್ಲಿ, ಹಾಗಾಗಿ ಎರಡು ವೀಸಾ ಬೇಕಾ ಅಂತ ಅಮ್ಮ ಕೇಳಿದರು. ಬೇಡ. ಎರಡೂ ಷೆಂಗೆನ್ ದೇಶಗಳೇ, ಒಂದೇ ವೀಸಾ. ಜಾಸ್ತಿ ರಾತ್ರಿ ಕಳೆಯೋದು ಸ್ವಿಟ್ಜರ್ಲೆಂಡಿನಲ್ಲಿ, ಆದ್ದರಿಂದ ಅರ್ಜಿ ಅವರಿಗೆ. ಪಾಸ್‌ಪೋರ್ಟ್ ಮಾತ್ರ ಜೇಬಿನಲ್ಲಿರಬೇಕು. ಶುಲ್ಕ 80 ಯೂರೋ ಇದ್ದದ್ದು ಅದೇ ಜೂನ್‌ನಲ್ಲಿ 90 ಆಗಿತ್ತು. ನಮ್ಮ ಅದೃಷ್ಟ. ಕನಿಷ್ಠ 30,000 ಯೂರೋ ಆಸ್ಪತ್ರೆ ಖರ್ಚು ಕೊಡೋ ವಿಮೆ ಬೇಕು. ಅಪ್ಪ ಎಪ್ಪತ್ತು ದಾಟಿದ್ದರಿಂದ ಅವರೊಬ್ಬರ ಪ್ರೀಮಿಯಂ ನಮ್ಮಿಬ್ಬರದ್ದಕ್ಕಿಂತ ಜಾಸ್ತಿ ಬಂತು. "ನಾನೇನು ಅಲ್ಲಿ ಬೀಳೋಕೆ ಹೋಗ್ತಿದ್ದೀನಾ?" ಅಂತ ಅಪ್ಪನಿಗೆ ಬೇಜಾರು.

ಬೆರಳಚ್ಚು ಕೊಡೋಕೆ ಹಾಸನದಿಂದ ಇಬ್ಬರೂ ಬೆಂಗಳೂರಿಗೆ ಬಂದರು. ಕೌಂಟರ್‌ನಲ್ಲಿ ಹುಡುಗಿ ಪ್ರಯಾಣದ ಉದ್ದೇಶ ಕೇಳಿದಳು. ನಾನು ಬಾಯಿ ತೆಗೆಯೋ ಮೊದಲೇ ಅಪ್ಪ, "ಮೀಟರ್ ಗೇಜ್" ಅಂದರು. ಆಕೆ ಟೂರಿಸಂ ಅಂತ ಬರೆದುಕೊಂಡಳು.

ಪಾಸ್‌ಪೋರ್ಟ್ ವಾಪಸ್ ಬರಲು ಕಾಯುತ್ತಿದ್ದ ದಿನಗಳಲ್ಲೇ, ಜುಲೈ ಕೊನೆಗೆ, ಎಡಕುಮೇರಿ ಮತ್ತು ಕಡಗರವಳ್ಳಿ ಮಧ್ಯೆ ಹಳಿಯ ಅಡಿಯ ಮಣ್ಣು ಕುಸಿದು ಬೆಂಗಳೂರು–ಮಂಗಳೂರು ರೈಲು ನಿಂತವು. ಅಪ್ಪ ದಿನಾ ಟಿವಿ ಮುಂದೆ. ಅವರ ಹಳೇ ಸ್ಟೇಷನ್ನಿನ ಹೆಸರು ಇಷ್ಟು ಸಲ ಸುದ್ದಿಯಲ್ಲಿ ಬಂದದ್ದು ನಾನು ಕೇಳಿರಲಿಲ್ಲ. ಆಗಸ್ಟ್ ಎರಡನೇ ವಾರದ ಹೊತ್ತಿಗೆ ಅಲ್ಲಿ ಪ್ಯಾಸೆಂಜರ್ ಗಾಡಿ ಓಡಿತು. ಅದೇ ವಾರ ನಮ್ಮ ವೀಸಾನೂ ಬಂತು.

ಅವತ್ತು ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ತೆರೆದೆ. ಮೊದಲು ಸಿಕ್ಕಿದ ಒಂದು ಏಜೆಂಟ್ ಸೈಟ್ ಅದೇ ಸೀಟಿಗೆ ಹತ್ತಿರಹತ್ತಿರ ಎರಡರಷ್ಟು ಕೇಳುತ್ತಿತ್ತು. ಕೆಳಗೆ ಸಣ್ಣಕ್ಷರದಲ್ಲಿ ಸೇವಾ ಶುಲ್ಕ. ಮುಚ್ಚಿದೆ. ರೈಲಿನವರ ಸ್ವಂತ ಸೈಟಿಗೆ ಹೋದೆ. ಅಲ್ಲಿ ಗಮನಿಸಬೇಕಾದ್ದು ಒಂದೇ: ಟಿಕೆಟ್ ಸಮೇತ ಬೇಕಾ, ಬರೀ ಸೀಟ್ ಬೇಕಾ ಅಂತ ಕೇಳುತ್ತದೆ. ಪಾಸ್ ಇರುವವರು ಬರೀ ಸೀಟ್ ಆರಿಸಬೇಕು. ನಾನು ಮೊದಲ ಸಲ ನೋಡದೆ ಮುಂದೆ ಹೋಗಿ, ಮೂರು ಜನಕ್ಕೆ ಇನ್ನೂರೆಂಬತ್ತು ಫ್ರಾಂಕ್ ಹತ್ತಿರದ ಮೊತ್ತ ಕಂಡು ಗಾಬರಿಯಾಗಿ ಹಿಂದೆ ಬಂದೆ.

ಬೋಗಿಯ ನಕ್ಷೆ ತೆರೆಯಿತು. ಕೂರ್‌ನಿಂದ ತಿರಾನೋಗೆ ಹೋಗುವಾಗ ಬಲಗಡೆ ಕೂರಬೇಕು ಅಂತ ಓದಿದ್ದೆ. ಲಾಂಡ್‌ವಾಸರ್ ಸೇತುವೆ, ಮೊರ್ಟೆರಾಟ್ಷ್ ಹಿಮನದಿ, ಲಾಗೋ ಬಿಯಾಂಕೋ ಕೆರೆ ಎಲ್ಲಾ ಬಲಕ್ಕೇ ಕಾಣುತ್ತವೆ. ಬಲಗಡೆ ಮೂರು ಸೀಟು ಒಟ್ಟಿಗೆ ಖಾಲಿ ಇತ್ತು. ಆರಿಸಿದೆ. ಕಾರ್ಡ್ ನಂಬರ್ ಹಾಕಿದೆ. ಪಾವತಿ ಆಗಲಿಲ್ಲ. ಮತ್ತೆ ಹಾಕಿದೆ. ಇಲ್ಲ.

ಕಾರಣ ತಲೆಗೆ ಹೊಳೆಯೋಕೆ ಹತ್ತು ನಿಮಿಷ ಬೇಕಾಯ್ತು. ಹಿಂದಿನ ತಿಂಗಳಷ್ಟೇ ಬ್ಯಾಂಕಿನವರು ಹೊಸ ಕಾರ್ಡ್ ಕಳಿಸಿದ್ದರು. ಹೊಸ ಕಾರ್ಡಿನಲ್ಲಿ ಹೊರದೇಶದ ವ್ಯವಹಾರ ಮುಚ್ಚಿರುತ್ತೆ, ನಾವೇ ಆ್ಯಪ್‌ನಲ್ಲಿ ಆನ್ ಮಾಡಬೇಕು. ಇದು 2020ರಿಂದ ಇರೋ ರಿಸರ್ವ್ ಬ್ಯಾಂಕ್ ನಿಯಮ. ಆನ್ ಮಾಡಿ ವಾಪಸ್ ಬರೋ ಹೊತ್ತಿಗೆ ಸಮಯ ಮೀರಿ ಬುಕಿಂಗ್ ಅಳಿಸಿಹೋಗಿತ್ತು. ಮತ್ತೆ ಮೊದಲಿಂದ. ಈಗ ಬಲಗಡೆ ಎರಡೇ ಸೀಟು. ಮೂರನೆಯದು ಪಕ್ಕದ ಬೋಗಿಯಲ್ಲಿ, ಎಡಗಡೆ.

ದಯವಿಟ್ಟು ರಾತ್ರಿ ಹತ್ತಕ್ಕೆ ಮುಂಚೆಯೇ, ಹಗಲಲ್ಲೇ, ಆ ಸ್ವಿಚ್ ಆನ್ ಮಾಡಿಟ್ಟುಕೊಂಡು ಕೂರಿ.

ಬೆಳಗ್ಗೆ ಫೋನ್ ಮಾಡಿ ಹೇಳಿದೆ. "ನಾನೇ ಅಲ್ಲಿ ಕೂರ್ತೀನಿ ಬಿಡು, ನಿಮ್ಮಮ್ಮ ಒಬ್ಳೇ ಕೂರಲ್ಲ" ಅಂದರು ಅಪ್ಪ. ಹಿಂದಿನಿಂದ ಅಮ್ಮ, "ಒಳ್ಳೇದೇ ಆಯ್ತು, ನಾಲ್ಕು ಗಂಟೆ ಗೇಜಿನ ಪುರಾಣ ತಪ್ಪಿತು" ಅಂದದ್ದು ಕೇಳಿಸಿತು. ವಾಪಸ್ ಬರೋಕೆ ನಾನು ಸೀಟ್ ಬುಕ್ ಮಾಡಲಿಲ್ಲ. ಅದೇ ಹಳಿಯ ಮೇಲೆ ಗಂಟೆಗೊಂದು ಸಾಮಾನ್ಯ ಗಾಡಿಯೂ ಓಡುತ್ತೆ. ಪಾಸ್ ಸಾಕು, ಸೀಟಿನ ದುಡ್ಡಿಲ್ಲ, ನಡುವೆ ಒಂದು ಕಡೆ ಗಾಡಿ ಬದಲಾಯಿಸಬೇಕು ಅಷ್ಟೇ. ದುಡ್ಡು ಉಳೀಲಿ ಅಂತ ಮಾಡಿದ್ದು, ಬೇರೇನೂ ಯೋಚನೆ ಇರಲಿಲ್ಲ.

ಪೆಟ್ಟಿಗೆ ಕಟ್ಟುವಾಗ ಅಮ್ಮ ತಮ್ಮ ಬಟ್ಟೆ ಹೊಲಿಯೋ ಟೇಪು ತಂದು ಕ್ಯಾಬಿನ್ ಬ್ಯಾಗಿನ ಉದ್ದ ಅಗಲ ಅಳೆದರು. ಮೈಸೂರು ಪಾಕ್, ತುಪ್ಪ ಎರಡನ್ನೂ ನಾನು ಹೊರಗೆ ತೆಗೆದೆ. ಹಾಲು, ಮಾಂಸದ ಪದಾರ್ಥಗಳನ್ನು ನಮ್ಮಲ್ಲಿಂದ ಅಲ್ಲಿಗೆ ಒಯ್ಯುವಂತಿಲ್ಲ. ಹುಳಿಯವಲಕ್ಕಿ ಪುಡಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಉಳಿದವು. ಟೇಪು ಅಮ್ಮನ ವ್ಯಾನಿಟಿ ಬ್ಯಾಗಿನಲ್ಲೇ ಉಳೀತು.

ಜೂರಿಕ್, ಲೂಸರ್ನ್, ರೀಗಿ ಬಗ್ಗೆ ಜಾಸ್ತಿ ಬರೆಯಲ್ಲ. ರೀಗಿಯಲ್ಲಿ ಮಂಜು ಕವಿದು ಏನೂ ಕಾಣಲಿಲ್ಲ. ಅಪ್ಪನಿಗೆ ಅದರಿಂದ ಏನೂ ನಷ್ಟವಾಗಲಿಲ್ಲ, ಅವರು ನೋಡಿದ್ದು ಹಳಿ ನಡುವಿನ ಹಲ್ಲುಪಟ್ಟಿ ಮಾತ್ರ. ಜೂರಿಕ್‌ನಿಂದ ಕೂರ್‌ಗೆ ಹೋಗುವಾಗ ಎಡಗಡೆ ಕೂತರೆ ಎರಡು ದೊಡ್ಡ ಕೆರೆ ಸಿಗುತ್ತವೆ. ಎರಡನೆಯದು, ವಾಲೆನ್‌ಸೀ, ಬೆಟ್ಟದ ಗೋಡೆಯ ಬುಡದಲ್ಲಿ ಹಸಿರು ನೀರು. ಆ ಒಂದೂಕಾಲು ಗಂಟೆಯ ಸಾಮಾನ್ಯ ಪ್ರಯಾಣವನ್ನು ಯಾರೂ ಜಾಹೀರಾತು ಮಾಡಲ್ಲ. ಮಾಡಬೇಕಿತ್ತು. ಕೂರ್‌ನಲ್ಲಿ ಹಿಂದಿನ ರಾತ್ರಿಯೇ ಉಳಿಯೋಣ ಅಂದದ್ದು ಅಪ್ಪ. ಜೂರಿಕ್‌ನಿಂದ ಬೆಳಗ್ಗೆ ಬೇಗ ಹೊರಟರೂ ಎಂಟೂವರೆ ಸುಮಾರಿನ ಗಾಡಿ ಸಿಗುತ್ತಿತ್ತು. "ಕನೆಕ್ಷನ್ ನಂಬ್ಕೊಂಡು ಸ್ಟೇಷನ್ ಮಾಸ್ಟರ್ ಯಾವತ್ತೂ ಪ್ರಯಾಣ ಮಾಡಲ್ಲ" ಅಂದರು.

ಬೆಳಗ್ಗೆ ಪ್ಲಾಟ್‌ಫಾರಂನಲ್ಲಿ ಕೆಂಪು ಗಾಡಿ ನಿಂತಿತ್ತು. ಕಿಟಕಿ ಛಾವಣಿಯ ತನಕ ಬಾಗಿದ ದೊಡ್ಡ ಗಾಜು. ಅಪ್ಪ ತಮ್ಮ ಬೋಗಿಗೆ ಹೋದರು, ನಾವು ನಮ್ಮದಕ್ಕೆ. ಒಂದು ಗಂಟೆ ಕಳೆದ ಮೇಲೆ ಲಾಂಡ್‌ವಾಸರ್ ಬಂತು. ಆರು ಕಮಾನು, 65 ಮೀಟರ್ ಎತ್ತರ, 136 ಮೀಟರ್ ಉದ್ದ. ಸೇತುವೆ ಮುಗಿಯೋದು ನೆಟ್ಟಗೆ ನಿಂತ ಬಂಡೆಯ ಎದೆಗೆ, ಅಲ್ಲಿಂದಲೇ ಸುರಂಗ. ಗಾಡಿ ಬಾಗಿದಾಗ ಮುಂದಿನ ಬೋಗಿಗಳು ಬಂಡೆಯೊಳಗೆ ಒಂದೊಂದಾಗಿ ಹೋಗೋದು ನಮ್ಮ ಕಿಟಕಿಗೇ ಕಾಣುತ್ತೆ. ಎಲ್ಲರೂ ಫೋನ್ ಎತ್ತಿದರು. ನಾನೂ ಎತ್ತಿದೆ. ಆಮೇಲೆ ನೋಡಿದರೆ ನನ್ನ ಫೋಟೋದಲ್ಲಿ ಸೇತುವೆಯ ಮೇಲೆ ಅಮ್ಮನ ಕುಂಕುಮ, ಎದುರು ಸೀಟಿನವರ ಹಳದಿ ಜಾಕೆಟ್ ಎರಡೂ ತೇಲುತ್ತಿವೆ. ಗಾಜಿನ ಪ್ರತಿಬಿಂಬ. ಆ ಕಿಟಕಿ ತೆರೆಯೋಕೆ ಬರಲ್ಲ.

ಅಪ್ಪ ಅಷ್ಟು ಹೊತ್ತಿಗೆ ನಮ್ಮ ಬೋಗಿಗೆ ಬಂದು ಬಾಗಿಲ ಹತ್ತಿರ ನಿಂತಿದ್ದರು. "ನನ್ನ ಕಡೆ ಬರೀ ಬಂಡೆ" ಅಂದರು. ನನ್ನ ಸೀಟು ಕೊಟ್ಟೆ. ಬೆರ್ಗ್ಯುನ್ ಅನ್ನೋ ಊರು ದಾಟಿದ ಮೇಲೆ ಹಳಿ ಬೆಟ್ಟದೊಳಗೇ ಸುತ್ತು ಹಾಕುತ್ತಾ ಏರುತ್ತೆ. ಮುಂದಿನ ಪ್ರೇಡಾ ಸ್ಟೇಷನ್ ತನಕ ನೇರ ಹೋದರೆ ಆರು ಕಿಲೋಮೀಟರ್, ಹಳಿ ಹನ್ನೆರಡು ಕಿಲೋಮೀಟರ್ ಮಾಡಿಕೊಂಡು 400 ಮೀಟರ್ ಮೇಲೆ ಹತ್ತುತ್ತೆ. ಅದೇ ಊರು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ, ಪ್ರತಿ ಸಲ ಇನ್ನಷ್ಟು ಕೆಳಗೆ. 2022ರಲ್ಲಿ ಇದೇ ಇಳಿಜಾರಿನಲ್ಲಿ ನೂರು ಬೋಗಿ ಜೋಡಿಸಿ, 1,910 ಮೀಟರ್ ಉದ್ದದ ಪ್ಯಾಸೆಂಜರ್ ರೈಲು ಓಡಿಸಿ ವಿಶ್ವದಾಖಲೆ ಮಾಡಿದ್ದರಂತೆ. ಅದನ್ನು ಹೇಳಿದೆ. "ಬ್ರೇಕ್ ಹೆಂಗೆ ಹಿಡಿದ್ರೋ" ಅಂದರು. ಅಷ್ಟೇ.

ಅವರು ಮಂಕಾಗಿದ್ದರು. ಅಮ್ಮ ಕಣ್ಸನ್ನೆ ಮಾಡಿದರು. ಹುಳಿಯವಲಕ್ಕಿ ಡಬ್ಬಿ ಕೊಟ್ಟೆ. ತಿನ್ನುತ್ತಾ ಮೆಲ್ಲಗೆ, "ಸದ್ದೇ ಇಲ್ವಲ್ಲೇ" ಅಂದರು.

ಆಗ ನನಗೆ ವಿಸ್ಟಾಡೋಮ್ ನೆನಪಾಯ್ತು.

ಗಾಡಿ ಓಸ್ಪಿಟ್ಸಿಯೋ ಬರ್ನಿನಾ ಸ್ಟೇಷನ್ನಿಗೆ ಏರಿತು, 2,253 ಮೀಟರ್. ಆಲ್ಪ್ಸ್ ಅಡ್ಡ ದಾಟುವ ರೈಲುಗಳಲ್ಲಿ ಇದಕ್ಕಿಂತ ಎತ್ತರದ್ದಿಲ್ಲ. ಅಲ್ಲಿಂದ ತಿರಾನೋಗೆ ಇಳಿದರೆ 429 ಮೀಟರ್. ನಲವತ್ತು ಕಿಲೋಮೀಟರ್ ಒಳಗೆ 1,800 ಮೀಟರಿಗೂ ಜಾಸ್ತಿ ಇಳಿಕೆ. ಆಲ್ಪ್ ಗ್ರ್ಯೂಮ್‌ನಲ್ಲಿ ಗಾಡಿ ಸ್ವಲ್ಪ ಹೊತ್ತು ನಿಂತಾಗ ಎಲ್ಲರೂ ಹಿಮನದಿ ಕಡೆ ಓಡಿದರು. ಅಪ್ಪ ಪ್ಲಾಟ್‌ಫಾರಂ ತುದಿಯಲ್ಲಿ ಕೈ ಹಿಂದೆ ಕಟ್ಟಿ ಗಾಡಿಯ ಚಕ್ರ ನೋಡುತ್ತಾ ನಿಂತರು. ಆಮೇಲೆ ಬ್ರೂಸಿಯೋ ಸುತ್ತು. ವಿಡಿಯೋದಲ್ಲಿ ನೋಡಿದ್ದಕ್ಕಿಂತ ಚಿಕ್ಕದು, ಒಂದು ನಿಮಿಷದೊಳಗೆ ಮುಗಿದೇ ಹೋಯ್ತು.

ತಿರಾನೋ ಹತ್ತಿರ ಮಾತ್ರ ಒಂದು ತಮಾಷೆ ಇದೆ. ಮಡೋನ್ನಾ ದಿ ತಿರಾನೋ ಅನ್ನೋ ಹಳೇ ಚರ್ಚಿನ ಮುಂದೆ ರೈಲು ರಸ್ತೆಗೇ ಇಳಿಯುತ್ತೆ. ಕಾರು, ಸೈಕಲ್ ನಿಂತು ದಾರಿ ಬಿಡುತ್ತವೆ, ಟ್ರಾಮಿನ ಹಾಗೆ ಚೌಕ ದಾಟುತ್ತೆ. ಸಂಜೆ ಅಪ್ಪ ಅಲ್ಲಿಗೇ ನಡೆದು ಹೋಗೋಣ ಅಂದರು. ಅಮ್ಮ ಚರ್ಚು ನೋಡೋಕೆ ಅಂದುಕೊಂಡರು. ರಸ್ತೆಯೊಳಗೆ ಹೂತ ಹಳಿಯ ಹತ್ತಿರ ನಿಂತು, ಅಪ್ಪ ಎರಡೂ ಕಡೆ ನೋಡಿ, ಅಮ್ಮನ ಮುಂದೆ ಕೈ ಚಾಚಿದರು.

"ಟೇಪು ಕೊಡು."

"ಯಾವ ಟೇಪು?"

"ಹೊಲಿಗೆ ಟೇಪು ಕಣೇ. ನಿನ್ ಬ್ಯಾಗಲ್ಲಿದೆ. ನಾನು ನೋಡಿದ್ದೀನಿ."

ಹಳದಿ ಟೇಪಿನ ಒಂದು ತುದಿ ನನ್ನ ಕೈಗೆ ಕೊಟ್ಟು ಹಳಿಯ ಒಳಗಂಚಿಗೆ ಒತ್ತಿ ಹಿಡಿ ಅಂದರು. ಇನ್ನೊಂದು ಹಳಿಯ ಒಳಗಂಚಿನ ತನಕ ತಾವು ಎಳೆದರು. ಮಂಡಿಯೂರಿ ಕನ್ನಡಕ ಸರಿಮಾಡಿ ಓದಿದರು. ಇಂಚಿನ ಕಡೆ ತಿರುಗಿಸಿ ಮತ್ತೊಮ್ಮೆ. ಮೂವತ್ತೊಂಬತ್ತು ಇಂಚು ದಾಟಿ ಮೂರು ಗೆರೆ. "ಮೂರಡಿ ಮೂರಿಂಚು, ಮೂರೆಂಟಾಂಶ" ಅಂದರು. "ಟ್ರೇನಿಂಗ್‌ನಲ್ಲಿ ಮೊದಲನೇ ದಿನ ಬಾಯಿಪಾಠ ಮಾಡಿಸಿದ್ರು." ಐಸ್‌ಕ್ರೀಂ ತಿನ್ನುತ್ತಿದ್ದ ಒಂದು ಹುಡುಗ ನಿಂತು ನೋಡುತ್ತಿದ್ದ. ಅಮ್ಮ ನಾಚಿಕೆಯಿಂದ ಸೆರಗು ಸರಿಮಾಡಿಕೊಂಡು, "ಎದ್ದೇಳ್ರೀ, ಪೊಲೀಸ್ನೋರು ಬಂದ್ರೆ ಕಷ್ಟ" ಅಂದರು.

ಮರುದಿನ ಬೆಳಗ್ಗೆ ಹತ್ತು ಗಂಟೆಯ ಸಾಮಾನ್ಯ ಗಾಡಿ. ಮುಂದೆ ಹೊಸ ಬೋಗಿಗಳು, ಹಿಂದೆ ಎರಡು ಹಳೇ ಬೋಗಿ. ಹಳೇದರಲ್ಲಿ ಕಿಟಕಿಯ ಹಿಡಿ ಒತ್ತಿ ಕೆಳಗೆ ಎಳೆದರೆ ಗಾಜು ಅರ್ಧ ಇಳಿಯುತ್ತೆ. ಅಪ್ಪ ಹತ್ತಿದ ಕೂಡಲೇ ಇಳಿಸಿದರು. ಜನ ಅಷ್ಟಿರಲಿಲ್ಲ. ಮಾರ್ಕೆಟ್ ಚೀಲ ಹಿಡಿದ ಇಬ್ಬರು ಅಜ್ಜಿಯರು, ಒಂದು ನಾಯಿ. ಕಂಡಕ್ಟರ್ ಬಂದು ಫೋನಿನಲ್ಲಿದ್ದ ಪಾಸ್ ನೋಡಿ ಹೋದ.

ಬ್ರೂಸಿಯೋ ಸುತ್ತಿಗೆ ಬಂದಾಗ ಆ ಸದ್ದು ಬಂತು. ಚಕ್ರದ ಅಂಚು ಹಳಿಗೆ ಉಜ್ಜಿ ಕೀರಲು ಕೂಗು, ಕಬ್ಬಿಣ ಕಾದ ವಾಸನೆ. ನನಗೆ ಹಲ್ಲು ಚುಳ್ ಅಂತು. ಅಪ್ಪ ಕಣ್ಣು ಮುಚ್ಚಿಕೊಂಡು ತಲೆ ಸ್ವಲ್ಪ ಓರೆ ಮಾಡಿ ಕೇಳುತ್ತಿದ್ದರು, ಕಚೇರಿಯಲ್ಲಿ ಆಲಾಪನೆ ಕೇಳೋರ ಹಾಗೆ. "ಫ್ಲೇಂಜ್" ಅಂದರು. "ಎಡಕುಮೇರಿ ಹೋಂ ಸಿಗ್ನಲ್ ಹತ್ರ ರಾತ್ರಿ ಹೊತ್ತು ಹಿಂಗೇ ಕೇಳಿಸ್ತಿತ್ತು. ಕ್ವಾರ್ಟರ್ಸ್‌ನಲ್ಲಿ ಮಲಗಿದ್ದೋನಿಗೂ ಗೂಡ್ಸ್ ಬಂತು ಅಂತ ಗೊತ್ತಾಗ್ತಿತ್ತು. ಅಲ್ವೇನೇ?"

ಅಮ್ಮ ಮಫ್ಲರ್ ಒಳಗಿಂದ, "ನಿದ್ದೆ ಹಾಳಾಗ್ತಿತ್ತು" ಅಂದರು.

ಆಮೇಲೆ ಅಪ್ಪ ಕೂರಲೇ ಇಲ್ಲ. ಒಂದು ಕಿಟಕಿಯಿಂದ ಇನ್ನೊಂದಕ್ಕೆ ಓಡಾಟ. ಬಲಕ್ಕೆ ಕಂಡದ್ದು ಎಡಕ್ಕೂ ನೋಡಿದರು. ನನ್ನ ಫೋಟೋಗಳೂ ಅವತ್ತಿನವೇ ಚೆನ್ನಾಗಿವೆ, ಮಧ್ಯೆ ಗಾಜಿಲ್ಲವಲ್ಲ. ನೆಲ ಏರುತ್ತಾ ಹೋದ ಹಾಗೆ ದ್ರಾಕ್ಷಿ ತೋಟ ಹೋಗಿ ಪೈನ್ ಮರ, ಅದೂ ಹೋಗಿ ಬರೀ ಹುಲ್ಲು, ಕಲ್ಲು. ಲಾಗೋ ಬಿಯಾಂಕೋ ಹತ್ತಿರ ಗಾಳಿ ಚಾಕುವಿನ ಹಾಗೆ ಬಂತು. ಈ ಕೆರೆಯ ನೀರು ದಕ್ಷಿಣಕ್ಕೆ ಹರಿದು ಪೋ ನದಿ ಸೇರಿ ಏಡ್ರಿಯಾಟಿಕ್‌ಗೆ ಹೋಗುತ್ತೆ. ಅದರ ಪಕ್ಕದಲ್ಲೇ ಇರೋ ಪುಟ್ಟ ಕಪ್ಪು ಕೆರೆಯ ನೀರು ಉತ್ತರಕ್ಕೆ ಇಳಿದು ಡ್ಯಾನ್ಯೂಬ್ ಸೇರಿ ಕಪ್ಪು ಸಮುದ್ರಕ್ಕೆ. ಬಿಸಿಲೆ ದಾರಿಯಲ್ಲಿ, ಒಂದು ಕಡೆಯ ಮಳೆ ಅರಬ್ಬೀ ಸಮುದ್ರಕ್ಕೆ ಇನ್ನೊಂದು ಕಡೆಯದು ಬಂಗಾಳ ಕೊಲ್ಲಿಗೆ ಅಂತ ಕಲ್ಲು ನೆಟ್ಟಿದ್ದಾರಲ್ಲ, ಹಾಗೇ. "ನಮ್ಮ ಜಿಲ್ಲೇಲೇ ಇತ್ತಲ್ಲ, ಇಷ್ಟು ದುಡ್ಡು ಯಾಕೆ ಖರ್ಚು ಮಾಡಿದ್ವಿ?" ಅಂದರು ಅಮ್ಮ.

ಓಸ್ಪಿಟ್ಸಿಯೋ ಬರ್ನಿನಾದಲ್ಲಿ ನಮ್ಮ ಗಾಡಿ ನಿಂತಿತು. ಒಂಟಿ ಹಳಿ, ಎದುರಿನದು ಬಂದು ದಾಟಬೇಕು. "ಕ್ರಾಸಿಂಗ್" ಅಂದರು ಅಪ್ಪ, ಯಾರೂ ಕೇಳದೆಯೇ. ಎರಡು ನಿಮಿಷಕ್ಕೆ ತಿರುವಿನಲ್ಲಿ ಕೆಂಪು ಎಂಜಿನ್ ಕಂಡಿತು. ಕೂರ್‌ನಿಂದ ಬಂದ ಬರ್ನಿನಾ ಎಕ್ಸ್‌ಪ್ರೆಸ್. ನಿನ್ನೆ ನಾವು ಕೂತಿದ್ದ ಗಾಡಿ. ಬಾಗಿದ ಗಾಜುಗಳ ಹಿಂದೆ ಸಾಲು ಸಾಲು ಜನ, ಕೈಯಲ್ಲಿ ಫೋನು.

ಅಪ್ಪ ಬೆನ್ನು ನೆಟ್ಟಗೆ ಮಾಡಿ ನಿಂತರು. ಬಲಗೈ ಕಿಟಕಿಯಿಂದ ಆಚೆ ಹೋಯ್ತು, ಭುಜದ ಮಟ್ಟಕ್ಕೆ, ಅಲುಗದೆ. ಸ್ಟೇಷನ್ ಮಾಸ್ಟರ್ ದಾಟೋ ಗಾಡಿಗೆ ಹಸಿರು ಬಾವುಟ ಹಿಡಿದು ಆಲ್ ರೈಟ್ ಕೊಡೋ ರೀತಿ. ಕೈಯಲ್ಲಿ ಬಾವುಟ ಇರಲಿಲ್ಲ. ಕೊನೇ ಬೋಗಿ ದಾಟೋ ತನಕ ಹಾಗೇ ಹಿಡಿದಿದ್ದರು, ಅದರ ಬಾಲದ ದೀಪ ನೋಡಿಕೊಂಡ ಮೇಲೆ ಇಳಿಸಿದರು.

"ಕೈ ಒಳಗೆ ಹಾಕ್ರೀ, ಥಂಡಿ" ಅಂದರು ಅಮ್ಮ.